14 ವರ್ಷದ ಮಗನ ಪ್ರೌಢಶಾಲೆಯ ವರ್ಷಗಳು: ಏನು ಕಲಿಸಬೇಕು, ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ವಿದ್ಯಾರ್ಥಿಯ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ 14 ವರ್ಷ. ಆಟಿಸಂ ಮತ್ತು ಅದರೊಂದಿಗೆ ಮಧ್ಯಮ ಪ್ರಮಾಣದ ಬೌದ್ಧಿಕ ಅಸಾಮರ್ಥ್ಯ ಇದೆಯೆಂದು ವೈದ್ಯರು ಗುರುತಿಸಿದ್ದಾರೆ. ಎರಡು ಮೂರು ಪದಗಳ ಮಾತನಾಡುತ್ತಾನೆ. ಅದಕ್ಕಿಂತ ಹೆಚ್ಚಿನದನ್ನು ಹೇಳಬೇಕಾದಾಗ ಟ್ಯಾಬ್ಲೆಟ್ಟಿನ ಚಿತ್ರಗಳನ್ನು ಮುಟ್ಟಿ ತಿಳಿಸುತ್ತಾನೆ. ವಸ್ತುಗಳನ್ನು ಅವುಗಳ ಜಾಗದಲ್ಲಿ ಇಡುವುದೆಂದರೆ ಅವನಿಗೆ ಬಹಳ ಇಷ್ಟ. ಕಪಾಟಿನಲ್ಲಿ ಒಂದು ಡಬ್ಬಿ ತುಸು ಸರಿದಿದ್ದರೂ ಅವನ ಕಣ್ಣಿಗೆ ಬೀಳುತ್ತದೆ. ಗದ್ದಲ ಮತ್ತು ಮುನ್ಸೂಚನೆಯಿಲ್ಲದೆ ಬದಲಾಗುವ ವೇಳಾಪಟ್ಟಿ, ಇವೆರಡನ್ನು ಅವನು ಸಹಿಸುವುದಿಲ್ಲ.

ಶಾಲೆಯು ಅವನಿಗೆಂದೇ ಗುರಿಗಳನ್ನು ಬರೆದುಕೊಡುವ ಈ ವರ್ಷದ ವೈಯಕ್ತಿಕ ಶಿಕ್ಷಣ ಯೋಜನೆ ಕೈಗೆ ಬಂದಾಗ, ಅದರ ಗುರಿಗಳೆಲ್ಲ ಮೂರು ವರ್ಷಗಳ ಹಿಂದಿನವೇ ಎಂಬುದು ಕಂಡಿತು: 20ರವರೆಗೆ ಎಣಿಸುವುದು, ಹೆಸರು ಬರೆಯುವುದು, ಬಣ್ಣದ ಮಣಿಗಳನ್ನು ವಿಂಗಡಿಸುವುದು. ವೃತ್ತಿ ತರಬೇತಿಯ ವಿಭಾಗಕ್ಕೆ ಕಳುಹಿಸಬಹುದೇ ಎಂದು ವಿಚಾರಿಸಿದಾಗ, ಅವನು ಇನ್ನೂ ಅದಕ್ಕೆ ಸಿದ್ಧನಾಗಿಲ್ಲ ಎಂಬ ಉತ್ತರ ಬಂದಿತು. ನನ್ನ ಪತಿಯ ಅಭಿಪ್ರಾಯ ಬೇರೆ. ಈಗ ಓದು ಬರಹವನ್ನು ಬಿಟ್ಟರೆ ಮತ್ತೆ ಯಾರೂ ಅವನಿಗೆ ಅದನ್ನು ಕಲಿಸುವುದಿಲ್ಲ, ಆದ್ದರಿಂದ ಶಾಲೆ ಶಾಲೆಯಾಗಿಯೇ ಇರಲಿ ಎಂದು ಅವರು ಹೇಳುತ್ತಾರೆ. ಆ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಶಾಲೆ ಮುಗಿದ ಮರುದಿನ ಬೆಳಿಗ್ಗೆ ಅವನು ಏನು ಮಾಡುತ್ತಾನೆ ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಯಾರ ಬಳಿಯೂ ಉತ್ತರವಿಲ್ಲ. ಉಳಿದಿರುವ ಐದಾರು ವರ್ಷಗಳಲ್ಲಿ ಯಾವುದಕ್ಕೆ ಎಷ್ಟು ಸಮಯ ಕೊಡಬೇಕು, ಈ ಹಾದಿಯಲ್ಲಿ ಮುಂದೆ ಹೋದವರು ಯಾವುದನ್ನು ಮೊದಲು ಹಿಡಿದರು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ವಿಶೇಷ ಶಿಕ್ಷಕಿ, ಪ್ರೌಢ ಹಂತ

ನಿಮ್ಮ ಪ್ರಶ್ನೆಯ ಕೊನೆಯ ಭಾಗವೇ ಯೋಜನೆಯ ಮೊದಲ ಸಾಲಾಗಬೇಕು. ಶಾಲೆ ಮುಗಿದ ನಂತರದ ಒಂದು ಸಾಮಾನ್ಯ ದಿನವನ್ನು, ಅವನಿಗೆ 22 ವರ್ಷವಾಗಿದೆ ಎಂದುಕೊಂಡು, ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಬರೆದು ನೋಡಿ. ಎಲ್ಲಿ ವಾಸಿಸುತ್ತಾನೆ, ಯಾರೊಂದಿಗೆ ಇರುತ್ತಾನೆ, ಹಗಲಿನಲ್ಲಿ ಎಲ್ಲಿಗೆ ಹೋಗುತ್ತಾನೆ, ಹೇಗೆ ಹೋಗುತ್ತಾನೆ, ಬಿಡುವಿನಲ್ಲಿ ಏನು ಮಾಡುತ್ತಾನೆ ಎಂಬುದೆಲ್ಲ ಅದರಲ್ಲಿರಲಿ. ಬಳಿಕ ಆ ದಿನದ ಪ್ರತಿಯೊಂದು ಕೆಲಸಕ್ಕೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಅವನು ಕಲಿಯದೇ ಹೋದರೆ, ಅವನ ಬದಲು ಬೇರೊಬ್ಬರು ಜೀವನಪೂರ್ತಿ ಇದನ್ನು ಮಾಡಬೇಕಾಗುತ್ತದೆಯೇ? ಸ್ನಾನ, ಬಟ್ಟೆ, ಔಷಧ, ರಸ್ತೆ ದಾಟುವುದು ಇವಕ್ಕೆಲ್ಲ ಉತ್ತರ ಹೌದು. ಬಣ್ಣದ ಮಣಿಗಳನ್ನು ವಿಂಗಡಿಸುವುದಕ್ಕೆ ಉತ್ತರ ಇಲ್ಲ. ಅದನ್ನು ಯಾರೂ ಮಾಡದಿದ್ದರೂ ಯಾರಿಗೂ ಏನೂ ಆಗುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲೂ ಬ್ರೌನ್ ಮತ್ತು ಅವರ ಸಹೋದ್ಯೋಗಿಗಳು 1976ರಲ್ಲಿಯೇ ಈ ದೃಷ್ಟಿಯನ್ನು ಮುಂದಿಟ್ಟಿದ್ದರು. ವಿದ್ಯಾರ್ಥಿ ದೊಡ್ಡವನಾದ ಮೇಲೆ ಬದುಕುವ ಪರಿಸರಗಳಲ್ಲಿ ಯಾವುದು ಬೇಕಾಗುತ್ತದೆಯೋ ಅದರಿಂದಲೇ ಪಾಠದ ಆಯ್ಕೆ ಆಗಬೇಕು ಎಂಬುದು ಅವರ ವಾದದ ತಿರುಳಾಗಿತ್ತು.

ಸಿದ್ಧನಾಗಿಲ್ಲ ಎಂಬ ಮಾತಿಗೆ ಬರುತ್ತೇನೆ. ಎಣಿಕೆ ಬಂದ ಮೇಲೆ ಹಣ, ಹಣ ಬಂದ ಮೇಲೆ ಅಂಗಡಿ, ಅಂಗಡಿ ಬಂದ ಮೇಲೆ ಉದ್ಯೋಗ ಎಂಬ ಕ್ರಮವನ್ನು ಈ ಮಕ್ಕಳ ಮೇಲೆ ಹೇರಿದರೆ, ಅವರಲ್ಲಿ ಹೆಚ್ಚಿನವರು ಶಾಲೆ ಮುಗಿಯುವವರೆಗೂ ಎಣಿಕೆಯಲ್ಲಿಯೇ ಉಳಿಯುತ್ತಾರೆ. ಬಲವಾದ ಕಲಿಸುವ ವಿಧಾನವಿದ್ದರೆ ಪೂರ್ವಸಿದ್ಧತೆಯ ಪಟ್ಟಿ ಬೇಕಾಗುವುದಿಲ್ಲ ಎಂಬುದನ್ನು ಅಮೆರಿಕದ ಸಂಶೋಧಕ ಮಾರ್ಕ್ ಗೋಲ್ಡ್ 1970ರ ದಶಕದ ಆರಂಭದಲ್ಲಿಯೇ ತೋರಿಸಿದ್ದರು: ತೀವ್ರ ಬೌದ್ಧಿಕ ಅಸಾಮರ್ಥ್ಯವಿದ್ದ, ಏನನ್ನೂ ಕಲಿಯಲಾರರು ಎಂದು ಬದಿಗಿರಿಸಲ್ಪಟ್ಟಿದ್ದ ವ್ಯಕ್ತಿಗಳು 15 ಬಿಡಿಭಾಗಗಳ ಸೈಕಲ್ ಬ್ರೇಕ್ ಅನ್ನು ಜೋಡಿಸಲು ಕಲಿತರು. ಕೆಲಸವನ್ನು ಸಣ್ಣ ಹೆಜ್ಜೆಗಳಾಗಿ ಒಡೆದದ್ದು ಮತ್ತು ಬಿಡಿಭಾಗದ ಯಾವ ಮುಖ ಮೇಲಿರಬೇಕೆಂದು ಬಣ್ಣದ ಗುರುತು ಹಾಕಿದ್ದು ಅವರ ವಿಧಾನದ ಮುಖ್ಯ ಅಂಶಗಳು. ಮಗು ಸಿದ್ಧವಾಗಿಲ್ಲ ಎಂದು ಯಾರಾದರೂ ಹೇಳಿದಾಗ ನಾನು ಈ ಬ್ರೇಕನ್ನು ನೆನಪಿಸುತ್ತೇನೆ.

ನಿತ್ಯದ ಒಂದು ಕೆಲಸವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ವಾಷಿಂಗ್ ಮಷಿನ್ ಬಳಸುವುದನ್ನು ಕಲಿಸುವಾಗ ಮೊದಲು ನಾವೇ ಆ ಕೆಲಸವನ್ನು ಮಾಡಿ, ಕೈ ಎಲ್ಲಿಗೆ ಹೋಗುತ್ತದೆ, ಕಣ್ಣು ಏನನ್ನು ನೋಡುತ್ತದೆ ಎಂಬುದನ್ನು ಬರೆದುಕೊಳ್ಳುತ್ತೇವೆ. ಬಾಗಿಲು ತೆಗೆಯುವುದು, ಬಟ್ಟೆ ಹಾಕುವುದು, ಗೆರೆ ಎಳೆದ ಲೋಟದಲ್ಲಿ ಗೆರೆಯವರೆಗೆ ಸೋಪಿನ ಪುಡಿ ತುಂಬುವುದು, ಬಾಗಿಲು ಟಕ್ ಎನ್ನುವವರೆಗೆ ಒತ್ತುವುದು, ತಿರುಗಣೆಯನ್ನು ಅಂಟಿಸಿದ ಕೆಂಪು ಚುಕ್ಕೆಗೆ ತರುವುದು, ಗುಂಡಿ ಒತ್ತುವುದು. ಹಲವು ವಿದ್ಯಾರ್ಥಿಗಳಿಗೆ ಇದನ್ನು ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸುವುದು ಸುಲಭ: ಮೊದಲ ಕೆಲವು ದಿನ ಗುಂಡಿ ಒತ್ತುವುದಷ್ಟೇ ಅವನ ಪಾಲು, ಒತ್ತಿದೊಡನೆ ಯಂತ್ರ ತಿರುಗುವುದನ್ನು ಅವನು ಕಾಣುತ್ತಾನೆ; ಅದು ಕೈಗೆ ಬಂದ ಮೇಲೆ ತಿರುಗಣೆಯೂ ಅವನದೇ. ಇಲ್ಲಿ ಒಂದು ಎಚ್ಚರಿಕೆ ಬೇಕು. ಪ್ರತಿ ಹೆಜ್ಜೆಗೂ ನಾವು ಬಾಯಿಮಾತಿನಲ್ಲಿ ಸೂಚನೆ ಕೊಡುತ್ತಿದ್ದರೆ, ಆ ಮಾತೂ ಕೆಲಸದ ಒಂದು ಭಾಗವಾಗಿಬಿಡುತ್ತದೆ. ಮಗು ಕೈ ಎತ್ತಿಕೊಂಡು ನಮ್ಮ ಮುಖ ನೋಡುತ್ತಾ ನಿಲ್ಲುತ್ತದೆ. ಆದ್ದರಿಂದ ಸೂಚನೆಯನ್ನು ಯಂತ್ರದ ಮೇಲೆ ಅಂಟಿಸಿದ ಚಿತ್ರಗಳ ಪಟ್ಟಿಗೆ ವರ್ಗಾಯಿಸಿ, ದೊಡ್ಡವರು ಪಕ್ಕಕ್ಕೆ, ಸಾಧ್ಯವಾದರೆ ಹಿಂದಕ್ಕೆ ನಿಲ್ಲಬೇಕು. ಐದು ಸೆಕೆಂಡು ಸುಮ್ಮನೆ ಕಾಯಬೇಕು, ಆಮೇಲೆ ಚಿತ್ರದತ್ತ ಬೆರಳು ತೋರಿಸಬೇಕು, ಅದೂ ಸಾಲದಾದಾಗ ಮಾತ್ರ ಅವನ ಒಪ್ಪಿಗೆಯೊಂದಿಗೆ ಕೈಗೆ ನೆರವು ಕೊಡಬೇಕು. ಆ ಐದು ಸೆಕೆಂಡು ಕಾಯುವುದು ಕಲಿಸುವವರಿಗೆ ಅತ್ಯಂತ ಕಷ್ಟದ ಭಾಗ ಎಂಬುದನ್ನು ನಾನು ಪ್ರತಿ ವರ್ಷ ಹೊಸ ಶಿಕ್ಷಕರಲ್ಲಿ ಕಾಣುತ್ತೇನೆ.

ಕಲಿಸುವ ಜಾಗವೂ ಅಷ್ಟೇ ಮುಖ್ಯ. ಆಟಿಸಂ ಅಥವಾ ಬೌದ್ಧಿಕ ಅಸಾಮರ್ಥ್ಯ ಇರುವ ಹಲವರಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಒಯ್ಯುವುದೇ ಕಷ್ಟ. ತರಗತಿಯ ಗೋಡೆಗೆ ಅಂಟಿಸಿದ ಸಿಗ್ನಲ್ ದೀಪದ ಚಿತ್ರಕ್ಕೆ ಸರಿಯಾಗಿ ಉತ್ತರಿಸಿದ ವಿದ್ಯಾರ್ಥಿ ನಿಜವಾದ ರಸ್ತೆಯ ಅಂಚಿನಲ್ಲಿ ನಿಲ್ಲದೇ ಹೋಗಬಹುದು. ಆದ್ದರಿಂದ ರಸ್ತೆಯನ್ನು ರಸ್ತೆಯಲ್ಲಿ, ಅಂಗಡಿಯನ್ನು ಅಂಗಡಿಯಲ್ಲಿ, ಅದೂ ಒಂದಕ್ಕಿಂತ ಹೆಚ್ಚು ಅಂಗಡಿಗಳಲ್ಲಿ ಕಲಿಸಬೇಕಾಗುತ್ತದೆ.

ಓದು ಬರಹವನ್ನು ಬಿಡಬಾರದು ಎಂಬ ನಿಮ್ಮ ಪತಿಯವರ ಮಾತಿನಲ್ಲಿ ಹುರುಳಿದೆ. ಹದಿಹರೆಯದಲ್ಲಿ ಓದಿನ ಕಲಿಕೆ ನಿಂತುಹೋಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಅನೇಕರು ಈ ವಯಸ್ಸಿನಲ್ಲಿಯೇ ಓದಲು ಆರಂಭಿಸುತ್ತಾರೆ. ಬದಲಾಗಬೇಕಾದದ್ದು ಓದುವ ವಸ್ತು. ಔಷಧದ ಚೀಟಿ, ಬಾಗಿಲಿನ ಮೇಲಿನ ಫಲಕ, ತನ್ನ ವಿಳಾಸ, ತಂಗಿ ಕಳುಹಿಸಿದ ಸಂದೇಶ ಇವೆಲ್ಲವೂ ಓದೇ. ಗಣಿತದಲ್ಲಿಯೂ ಹಾಗೆಯೇ: ಚಿಲ್ಲರೆ ಲೆಕ್ಕ ಬಾರದವನು, ಹೇಳಿದ ಬೆಲೆಗಿಂತ ಒಂದು ನೋಟು ಹೆಚ್ಚು ಕೊಟ್ಟು ಉಳಿದದ್ದನ್ನು ವಾಪಸ್ ಪಡೆಯುವ ಕ್ರಮವನ್ನು ಕಲಿತರೆ, ಕೂಡುವ ಕಳೆಯುವ ಲೆಕ್ಕ ಬರುವವರೆಗೆ ಕಾಯದೆ ಈ ವರ್ಷವೇ ತನ್ನ ಕೈಯಾರೆ ವಸ್ತು ಕೊಳ್ಳಬಹುದು. ಒಂದು ಕೆಲಸವನ್ನು ಪೂರ್ತಿಯಾಗಿ ಮಾಡಲಾಗದಿದ್ದರೆ ಅದರ ಒಂದು ಭಾಗವನ್ನಾದರೂ ಅವನೇ ಮಾಡಲಿ. ಎಲ್ಲವೂ ಬರುವುದಿಲ್ಲ ಎಂಬ ಕಾರಣಕ್ಕೆ ಏನನ್ನೂ ಕೊಡದಿರುವುದು ಅನ್ಯಾಯ.

ಉತ್ತರ: ಮಾತು ಮತ್ತು ಭಾಷಾ ಚಿಕಿತ್ಸಕಿ

ಟ್ಯಾಬ್ಲೆಟ್ಟಿನ ಬಗ್ಗೆ ಮಾತ್ರ ಒಂದು ಮಾತು ಸೇರಿಸುತ್ತೇನೆ. ಅದರಲ್ಲಿರುವ ಶಬ್ದಗಳು ಅವನ ವಯಸ್ಸಿನೊಂದಿಗೆ ಬೆಳೆದಿವೆಯೇ ಎಂದು ದಯವಿಟ್ಟು ಪರಿಶೀಲಿಸಿ. ಅನೇಕ ಮಕ್ಕಳ ಸಾಧನಗಳಲ್ಲಿ ಆಟಿಕೆಗಳು, ತಿಂಡಿಗಳು, ಪ್ರಾಣಿಗಳು ತುಂಬಿರುತ್ತವೆ. ಆದರೆ ನೋವಾಗುತ್ತಿದೆ, ನಿಲ್ಲಿಸಿ, ನನ್ನನ್ನು ಮುಟ್ಟಬೇಡಿ, ವಿರಾಮ ಬೇಕು, ಕೆಲಸ ಮುಗಿಯಿತು, ಅರ್ಥವಾಗಲಿಲ್ಲ ಎಂಬವು ಇರುವುದಿಲ್ಲ. ದೇಹದ ಎಲ್ಲ ಅಂಗಗಳ ಹೆಸರುಗಳೂ ಅದರಲ್ಲಿರಬೇಕು, ಏಕೆಂದರೆ ಹೆಸರಿಲ್ಲದ ಅಂಗದ ನೋವನ್ನೂ ಅದರ ಮೇಲಾದ ದೌರ್ಜನ್ಯವನ್ನೂ ಅವನು ಯಾರಿಗೂ ತಿಳಿಸಲಾರ. ಸಾಧನವು ಶಾಲೆಯ ಸ್ವತ್ತಾಗಿದ್ದರೆ, ಶಾಲೆ ಬಿಡುವ ದಿನ ಅದು ಅಲ್ಲಿಯೇ ಉಳಿಯಬಹುದು. ಅವನದೇ ಆದ ಇನ್ನೊಂದು ಸಾಧನಕ್ಕೆ ಎಲ್ಲವನ್ನೂ ಮೊದಲೇ ವರ್ಗಾಯಿಸಿ, ಅದರ ಬಳಕೆ ರೂಢಿಯಾಗುವಂತೆ ನೋಡಿಕೊಳ್ಳಿ.

ಉತ್ತರ: 27 ವರ್ಷದ ಮಗಳ ತಂದೆ

ಶಿಕ್ಷಕಿಯವರು ಬರೆದುದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಒತ್ತು ಸ್ವಲ್ಪ ಬೇರೆಡೆ ಬೀಳಬೇಕೆಂದು ನನಗೆ ಅನ್ನಿಸುತ್ತದೆ. ನನ್ನ ಮಗಳಿಗೆ ಡೌನ್ ಸಿಂಡ್ರೋಮ್ ಇದೆ. ಅವಳು ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಾಳೆ, ಪರಿಚಿತ ಮಾರ್ಗದಲ್ಲಿ ಒಬ್ಬಳೇ ಬಸ್ಸಿನಲ್ಲಿ ಹೋಗುತ್ತಾಳೆ. ಶಾಲೆ ಮುಗಿದ ಬಳಿಕ ಅವಳಿಗೆ ಕೊರತೆಯಾದದ್ದು ಕೌಶಲವಲ್ಲ, ಜನ. ಹನ್ನೆರಡು ವರ್ಷ ಪ್ರತಿದಿನ ನೋಡುತ್ತಿದ್ದ ಗೆಳತಿಯರು ಒಂದು ವಾರದಲ್ಲಿ ಕಣ್ಮರೆಯಾದರು, ಏಕೆಂದರೆ ಅವರ ಭೇಟಿಯನ್ನು ಏರ್ಪಡಿಸುತ್ತಿದ್ದದ್ದು ಶಾಲೆಯ ವೇಳಾಪಟ್ಟಿಯೇ ಹೊರತು ಅವರಲ್ಲ. ಫೋನ್ ಮಾಡಿ ಕರೆಯುವುದು, ಬರುತ್ತೇನೆಂದು ಹೇಳಿದ ದಿನ ಹೋಗುವುದು, ಮನಸ್ತಾಪವಾದಾಗ ಮತ್ತೆ ಮಾತನಾಡಿಸುವುದು ಇವನ್ನೂ ಕಲಿಸಬೇಕು, ಮತ್ತು ಶಾಲೆಯಿರುವಾಗಲೇ ಕಲಿಸಬೇಕು. ಸಂಗೀತವೋ ಈಜೋ ಚಾರಣವೋ, ಎಲ್ಲರೂ ಸೇರುವ ಒಂದು ಗುಂಪಿನಲ್ಲಿ ನಿಮ್ಮ ಮಗನಿಗೆ ಈಗಲೇ ಒಂದು ಜಾಗ ಸಿಗುವಂತೆ ಮಾಡಿ; ಶಾಲೆ ಮುಗಿದ ಮೇಲೂ ಮುಂದುವರಿಯುವ ಒಂದು ಸಂಬಂಧವಾದರೂ ಅವನಿಗೆ ಉಳಿಯುತ್ತದೆ.

ದೇಹದ ವಿಷಯವನ್ನು ಯಾರೂ ಎತ್ತುವುದಿಲ್ಲ, ಆದ್ದರಿಂದ ನಾನೇ ಬರೆಯುತ್ತೇನೆ. ಹದಿಹರೆಯದ ಬದಲಾವಣೆಗಳು ಈ ಮಕ್ಕಳಿಗೂ ಸಾಮಾನ್ಯವಾಗಿ ಉಳಿದವರಿಗೆ ಬರುವ ವಯಸ್ಸಿನಲ್ಲಿಯೇ ಬರುತ್ತವೆ. ಯಾವುದು ಎಲ್ಲರೆದುರು ಮಾಡುವಂಥದ್ದು, ಯಾವುದು ಬಾಗಿಲು ಹಾಕಿಕೊಂಡು ಮಾಡುವಂಥದ್ದು ಎಂಬ ಭೇದವನ್ನು ಕಲಿಸಬೇಕಾದರೆ ಮನೆಯಲ್ಲಿ ಅವನಿಗೆ ಮುಚ್ಚಿಕೊಳ್ಳುವ ಒಂದು ಬಾಗಿಲು ಇರಬೇಕು, ಮತ್ತು ನಾವೆಲ್ಲರೂ ಆ ಬಾಗಿಲನ್ನು ತಟ್ಟಿಯೇ ಒಳಗೆ ಹೋಗಬೇಕು. ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಮಗುವನ್ನು ನಾವು ಒಳ್ಳೆಯ ಮಗು ಎಂದು ಹೊಗಳುತ್ತೇವೆ. ಅದೇ ಅಭ್ಯಾಸವು ಮುಂದೆ ಕೆಟ್ಟವರ ಕೈಗೆ ಸಿಕ್ಕಿದಾಗ ಅದನ್ನು ನಿಸ್ಸಹಾಯಕವಾಗಿಸುತ್ತದೆ. ಬೇಡ ಎಂದು ಹೇಳಿದಾಗ ಆ ಮಾತಿಗೆ ದಿನಕ್ಕೆ ಕೆಲವು ಬಾರಿಯಾದರೂ ಬೆಲೆ ಸಿಗುವ ವಾತಾವರಣ ಮನೆಯಲ್ಲಿರಬೇಕು.

ಇನ್ನೊಂದು ವಿಷಯವೆಂದರೆ ಪ್ರಾಪ್ತ ವಯಸ್ಸು. ವಿಶ್ವಸಂಸ್ಥೆಯ ಮಹಾಸಭೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯು, ಅಂಗವೈಕಲ್ಯವಿರುವವರಿಗೂ ಕಾನೂನಿನ ಮುಂದೆ ಇತರರಷ್ಟೇ ಸಾಮರ್ಥ್ಯವಿದೆಯೆಂದೂ ಅದನ್ನು ಚಲಾಯಿಸಲು ಬೇಕಾದ ಬೆಂಬಲವನ್ನು ಅವರಿಗೆ ಒದಗಿಸಬೇಕೆಂದೂ ಹೇಳುತ್ತದೆ. ಪೋಷಕತ್ವದ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾಗಿವೆ. ಮಗನಿಗೆ ಆ ವಯಸ್ಸು ತುಂಬುವುದಕ್ಕೆ ಮೊದಲೇ, ಅವನ ಪರವಾಗಿ ನಿರ್ಧರಿಸುವ ವ್ಯವಸ್ಥೆ ಯಾವುದು, ಅವನು ನಿರ್ಧರಿಸಲು ನೆರವಾಗುವ ವ್ಯವಸ್ಥೆ ಯಾವುದು ಎಂಬುದನ್ನು ಅನುಭವವುಳ್ಳ ವಕೀಲರಿಂದ ತಿಳಿದುಕೊಳ್ಳಿ. ಆದರೆ ನಿರ್ಧರಿಸುವ ಅಭ್ಯಾಸ ನ್ಯಾಯಾಲಯದಿಂದ ಬರುವುದಿಲ್ಲ. ಎರಡು ಅಂಗಿಗಳಲ್ಲಿ ಒಂದನ್ನು ಆರಿಸುವುದರಿಂದ ಹಿಡಿದು, ತನ್ನ ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂಬವರೆಗೆ ಅವನ ಆಯ್ಕೆಯ ವ್ಯಾಪ್ತಿಯನ್ನು ವರ್ಷದಿಂದ ವರ್ಷಕ್ಕೆ ಹಿಗ್ಗಿಸುತ್ತಾ ಹೋಗಬೇಕು. ಇಂಥ ವ್ಯಕ್ತಿಗಳಿಗೆ ಅಪಾಯವನ್ನು ಎದುರಿಸುವ ಘನತೆಯೂ ಇರಬೇಕೆಂದು ಅಮೆರಿಕದ ಲೇಖಕ ರಾಬರ್ಟ್ ಪರ್ಸ್ಕಿ 1972ರಲ್ಲಿ ಬರೆದಿದ್ದರು. ಮಗಳನ್ನು ಮೊದಲ ಸಲ ಒಬ್ಬಳನ್ನೇ ಬಸ್ ಹತ್ತಿಸಿ, ಬೇರೊಂದು ವಾಹನದಲ್ಲಿ ಹಿಂಬಾಲಿಸಿದ ದಿನ ಆ ಮಾತಿನ ಭಾರ ನನಗೆ ತಿಳಿಯಿತು.

ಉತ್ತರ: ಜಾಬ್ ಕೋಚ್

ಶಾಲೆ ಬಿಟ್ಟವರನ್ನು ಉದ್ಯೋಗದ ಸ್ಥಳಗಳಲ್ಲಿ ನಿಲ್ಲಿಸುವುದು ನನ್ನ ಕೆಲಸ. ಮೊದಲು ತರಬೇತಿ, ಆಮೇಲೆ ಉದ್ಯೋಗ ಎಂಬ ಹಳೆಯ ಕ್ರಮದಲ್ಲಿ ತರಬೇತಿ ಮುಗಿಯುವುದೇ ಇಲ್ಲ. ಆದ್ದರಿಂದ 1980ರ ದಶಕದಿಂದ ಈ ಕ್ಷೇತ್ರವು ಅದನ್ನು ತಿರುಗಿಸಿ, ಮೊದಲು ನಿಜವಾದ ಕೆಲಸದ ಸ್ಥಳಕ್ಕೆ ಸೇರಿಸಿ ಅಲ್ಲಿಯೇ ಕಲಿಸುವ ಬೆಂಬಲಿತ ಉದ್ಯೋಗದ ಕಡೆಗೆ ಸಾಗಿದೆ. ಇದರ ಒಂದು ಒಳ್ಳೆಯ ಮಾದರಿ 1996ರಲ್ಲಿ ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ ಆರಂಭವಾದ ಪ್ರಾಜೆಕ್ಟ್ ಸರ್ಚ್. ಶಾಲೆಯ ಕೊನೆಯ ವರ್ಷವನ್ನು ವಿದ್ಯಾರ್ಥಿಗಳು ಶಾಲೆಯ ಕಟ್ಟಡದಲ್ಲಿ ಕಳೆಯದೆ ಸಂಸ್ಥೆಯೊಂದರ ಬೇರೆಬೇರೆ ವಿಭಾಗಗಳಲ್ಲಿ ಸರದಿಯಂತೆ ಕೆಲಸ ಮಾಡುತ್ತಾ ಕಳೆಯುತ್ತಾರೆ, ಶಿಕ್ಷಕರೂ ಕೋಚ್‌ಗಳೂ ಅಲ್ಲಿಯೇ ಇರುತ್ತಾರೆ. ಉಪಕರಣಗಳ ಟ್ರೇ ಜೋಡಿಸುವುದು, ದಾಸ್ತಾನು ತುಂಬುವುದು ಮುಂತಾದ, ಒಂದೇ ಕ್ರಮದಲ್ಲಿ ನಡೆಯಬೇಕಾದ ಮತ್ತು ತಪ್ಪಾಗಬಾರದ ಕೆಲಸಗಳನ್ನು ಅವರು ಚೆನ್ನಾಗಿ ನಿಭಾಯಿಸಿದ್ದಾರೆ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಸರಿದ ಡಬ್ಬಿಯನ್ನು ಗುರುತಿಸುವ ಅವನ ಕಣ್ಣು. ಶಾಲೆಯ ವರದಿಯಲ್ಲಿ ಅದು ಹಠದ ವರ್ತನೆ ಎಂದು ದಾಖಲಾಗಿರಬಹುದು. ಗ್ರಂಥಾಲಯದ ಕಪಾಟುಗಳನ್ನು ಸರಿಪಡಿಸುವುದು, ಔಷಧದ ಉಗ್ರಾಣ, ಬಿಡಿಭಾಗಗಳ ಗೋದಾಮು, ಕಡತಗಳ ಸ್ಕ್ಯಾನಿಂಗ್ ಇಲ್ಲೆಲ್ಲ ಜನ ಸಂಬಳ ಪಡೆಯುವುದೇ ಆ ಗುಣಕ್ಕೆ. ಇಂಥ ನಾಲ್ಕೈದು ಬಗೆಯ ಸ್ಥಳಗಳಲ್ಲಿ ಅವನು ಸ್ವಲ್ಪ ಸ್ವಲ್ಪ ಕಾಲ ಇದ್ದು ನೋಡಲಿ. ಎಲ್ಲಿ ಗದ್ದಲ ಅವನನ್ನು ಕೆಣಕಿತು, ಎಲ್ಲಿ ಸಮಯದ ಪರಿವೆಯಿಲ್ಲದೆ ಮುಳುಗಿದ ಎಂಬುದನ್ನು ಬರೆದಿಡಿ. ನೋಡುವ ಅವಧಿ ಮೊದಲೇ ನಿಗದಿಯಾಗಿರಬೇಕು. ಅಭ್ಯಾಸದ ಹೆಸರಿನಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಬೇರೆ ಯಾರೂ ಕೆಲಸ ಮಾಡದ, ಅಂಗವಿಕಲರು ಮಾತ್ರ ಕುಳಿತಿರುವ ಕೋಣೆಯಲ್ಲಿ ವರ್ಷಗಟ್ಟಲೆ ಮೇಣದಬತ್ತಿ, ಲಕೋಟೆ ತಯಾರಿಸುವುದನ್ನು ವೃತ್ತಿ ತರಬೇತಿ ಎಂದು ಕರೆಯುವುದನ್ನೂ ಒಪ್ಪುವುದಿಲ್ಲ, ಆ ಕೋಣೆಯ ಮಟ್ಟಿಗೆ ಅದೆಷ್ಟೇ ಪ್ರೀತಿ ಇದ್ದರೂ.

ಕೆಲಸ ಕಳೆದುಕೊಂಡವರಲ್ಲಿ ಕೆಲಸ ಬಾರದೆ ಹೋದವರು ಕಡಿಮೆ. ತಡವಾಗಿ ಬಂದದ್ದು, ವಿರಾಮ ಮುಗಿದರೂ ಏಳದಿದ್ದದ್ದು, ಮೇಲ್ವಿಚಾರಕರು ತಿದ್ದಿದಾಗ ಅತ್ತದ್ದು ಅಥವಾ ಕೂಗಾಡಿದ್ದು, ಸಾಮಗ್ರಿ ಮುಗಿದಾಗ ಯಾರನ್ನೂ ಕೇಳದೆ ಸುಮ್ಮನೆ ಕುಳಿತದ್ದು, ನಾನು ಕಂಡಿರುವ ಕಾರಣಗಳು ಹೆಚ್ಚಾಗಿ ಇವೇ. ಇವೆಲ್ಲವನ್ನೂ 14ನೆಯ ವಯಸ್ಸಿನಲ್ಲಿಯೇ ಅಭ್ಯಾಸ ಮಾಡಿಸಬಹುದು. ಬಣ್ಣ ಕಡಿಮೆಯಾಗುತ್ತಾ ಹೋಗುವ ಟೈಮರ್ ಇಟ್ಟರೆ ಗಡಿಯಾರ ಓದಲು ಬಾರದವನೂ ವಿರಾಮದ ಅವಧಿಯನ್ನು ತಾನೇ ಪಾಲಿಸುತ್ತಾನೆ.

ಪ್ರಶ್ನೆ ಕೇಳಿದ ತಾಯಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇವನ್ನೆಲ್ಲ ಪತಿಯವರೊಂದಿಗೆ ಕುಳಿತು ಓದಿದೆ. ಓದಿನ ವಸ್ತುವನ್ನು ಬದಲಾಯಿಸುವ ವಿಚಾರ ಅವರಿಗೂ ಒಪ್ಪಿಗೆಯಾಗಿದೆ. ಆದರೆ ನಮ್ಮ ಶಾಲೆಯು ಸಿಬ್ಬಂದಿಯ ಕೊರತೆಯಿಂದಾಗಿ ಮಕ್ಕಳನ್ನು ಆವರಣದ ಹೊರಗೆ ಕರೆದೊಯ್ಯುವುದಿಲ್ಲ. ಮುಂದಿನ ತಿಂಗಳು ಯೋಜನೆಯ ಪರಿಶೀಲನಾ ಸಭೆ ಇದೆ. ಅಲ್ಲಿ ನಾನು ಏನನ್ನು ಕೇಳಿದರೆ ಅವರಿಗೆ ಒಪ್ಪಿಕೊಳ್ಳಲು ಸಾಧ್ಯವಾದೀತು?

ಉತ್ತರ: ವಿಶೇಷ ಶಿಕ್ಷಕಿ, ಪ್ರೌಢ ಹಂತ

ಸಿಬ್ಬಂದಿಯ ಕೊರತೆ ನೆಪವಲ್ಲ, ನಿಜವಾದ ಅಡಚಣೆ. ಅದನ್ನು ಒಪ್ಪಿಕೊಂಡೇ ಮಾತು ಆರಂಭಿಸಿ. ಶಾಲೆಯ ಆವರಣದೊಳಗೂ ನಿಜವಾದ ಕೆಲಸಗಳಿವೆ. ಗ್ರಂಥಾಲಯದ ಪುಸ್ತಕಗಳನ್ನು ಕಪಾಟಿಗೆ ಹಿಂದಿರುಗಿಸುವುದು, ಕಚೇರಿಯಿಂದ ಹಾಜರಿ ಪುಸ್ತಕಗಳನ್ನು ತರಗತಿಗಳಿಗೆ ತಲುಪಿಸುವುದು, ಕ್ರೀಡಾ ಸಾಮಗ್ರಿಗಳನ್ನು ಎಣಿಸಿ ಕೋಣೆಯಲ್ಲಿ ಇಡುವುದು. ಇವು ಯಾರಾದರೂ ಮಾಡಲೇಬೇಕಾದ ಕೆಲಸಗಳಾದ್ದರಿಂದ, ಅವನು ಮಾಡಿದ್ದು ಸರಿಯೋ ತಪ್ಪೋ ಎಂಬುದು ಶಿಕ್ಷಕರ ಮೆಚ್ಚುಗೆಯಿಂದಲ್ಲದೆ ಕೆಲಸದಿಂದಲೇ ತಿಳಿಯುತ್ತದೆ.

ಹಳೆಯ ಮೂರು ಗುರಿಗಳನ್ನು ತೆಗೆದುಹಾಕಿ ಎಂದು ಕೇಳುವುದಕ್ಕಿಂತ, ಅವುಗಳನ್ನು ಬದಲಾಯಿಸಿ ಬರೆಯಲು ಕೇಳುವುದು ಮೇಲು. 20ರವರೆಗೆ ಎಣಿಸುತ್ತಾನೆ ಎಂಬ ಜಾಗದಲ್ಲಿ, ಚಿತ್ರಪಟ್ಟಿಯನ್ನು ನೋಡಿಕೊಂಡು, ಬಾಯಿಮಾತಿನ ಸೂಚನೆ ಇಲ್ಲದೆ, ಪ್ರತಿ ತರಗತಿಗೆ ಬೇಕಾದಷ್ಟು ಪುಸ್ತಕಗಳನ್ನು ಎಣಿಸಿ ತಲುಪಿಸುತ್ತಾನೆ, ಸತತ ಐದು ದಿನಗಳಲ್ಲಿ ನಾಲ್ಕು ದಿನ ತಪ್ಪಿಲ್ಲದೆ, ಎಂದು ಬರೆಯಿಸಿ. ಎಣಿಕೆ ಅದರೊಳಗೇ ಇದೆ, ಆದ್ದರಿಂದ ಶಾಲೆಯೂ ಹಿಂಜರಿಯಲಾರದು. ಹೆಸರು ಬರೆಯುವುದು ತಲುಪಿಸಿದ ಪಟ್ಟಿಗೆ ಸಹಿ ಹಾಕುವುದಾಗಲಿ, ಮಣಿಗಳ ವಿಂಗಡಣೆ ಕ್ರೀಡಾ ಕೋಣೆಯ ಜೋಡಣೆಯಾಗಲಿ. ರಸ್ತೆ ಮತ್ತು ಅಂಗಡಿಯ ಅಭ್ಯಾಸವನ್ನು ಸದ್ಯಕ್ಕೆ ನೀವು ಮನೆಯಿಂದಲೇ ನಡೆಸಿ, ಆದರೆ ಶಾಲೆ ಬಳಸುವ ಚಿತ್ರಪಟ್ಟಿ ಮತ್ತು ನೆರವಿನ ಕ್ರಮವನ್ನೇ ನೀವೂ ಬಳಸುವಂತೆ ಒಪ್ಪಂದ ಮಾಡಿಕೊಳ್ಳಿ.

ಅಮೆರಿಕದ ಕಾನೂನು 1990ರಿಂದ, ವಿದ್ಯಾರ್ಥಿಗೆ 16 ವರ್ಷವಾಗುವ ಹೊತ್ತಿಗೆ ಶಾಲೆಯ ನಂತರದ ಬದುಕಿನ ಯೋಜನೆಯನ್ನು ಶಿಕ್ಷಣ ಯೋಜನೆಯಲ್ಲಿ ಸೇರಿಸಬೇಕೆಂದು ಹೇಳುತ್ತದೆ, ಮತ್ತು ಆ ಸಭೆಗೆ ವಿದ್ಯಾರ್ಥಿಯನ್ನೂ ಆಹ್ವಾನಿಸಬೇಕಾಗುತ್ತದೆ. ನಿಮ್ಮಲ್ಲಿ ಅಂಥ ನಿಯಮ ಇರಲಿ ಬಿಡಲಿ, ಮಗನನ್ನು ಸಭೆಗೆ ಕರೆದುಕೊಂಡು ಹೋಗಿ. ಪೂರ್ತಿ ಕುಳಿತುಕೊಳ್ಳಬೇಕಾಗಿಲ್ಲ. ಮೊದಲ ಹತ್ತು ನಿಮಿಷ ಇದ್ದು, ತಾನು ಇಷ್ಟಪಡುವ ಕೆಲಸ ಯಾವುದು, ಬೇಡವಾದದ್ದು ಯಾವುದು ಎಂಬುದನ್ನು ತನ್ನ ಟ್ಯಾಬ್ಲೆಟ್ಟಿನಿಂದ ಹೇಳಲಿ. ಏನು ನಡೆಯಲಿದೆ ಎಂಬುದನ್ನು ಹಿಂದಿನ ದಿನವೇ ಚಿತ್ರಗಳಲ್ಲಿ ತೋರಿಸಿಡಿ. ಮನೆಯಲ್ಲಿ ಅವನು ಕಪಾಟು ಜೋಡಿಸುವ ಒಂದೆರಡು ನಿಮಿಷದ ವಿಡಿಯೊ ಜೊತೆಯಲ್ಲಿರಲಿ. ಗುರಿಗಳ ಕರಡು ಸಿದ್ಧವಾದಾಗ, ಮಗನ ಹೆಸರು ಮತ್ತು ಶಾಲೆಯ ಹೆಸರು ತೆಗೆದು ಇಲ್ಲಿ ಹಾಕಿ. ಸಭೆಗೆ ಮೊದಲು ಒಟ್ಟಿಗೆ ನೋಡೋಣ.